ಹಳೇ ಸ್ವಿಫ್ಟ್ 1.3ಕ್ಕೆ ಹೊಸ ಚುರುಕು: ಯಾವ ಕೆಲಸ ಮೊದಲು, ಯಾವುದು ಆಮೇಲೆ

2005ರಿಂದ 2010ರವರೆಗೆ ಬಂದ ಪೆಟ್ರೋಲ್ ಸ್ವಿಫ್ಟ್ ಕೊಂಡು ಅದನ್ನು ಹಾಟ್ ಹ್ಯಾಚ್ (ಚುರುಕಾಗಿ ಓಡುವ ಸಣ್ಣ ಕಾರು) ಮಾಡಲು ಹೊರಟವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಮೊದಲ ವಾರ ದೊಡ್ಡ ಅಲಾಯ್ ಚಕ್ರ, ಎರಡನೇ ವಾರ ಫ್ರೀ ಫ್ಲೋ ಸೈಲೆನ್ಸರ್, ಮೂರನೇ ವಾರ ಸ್ಪ್ರಿಂಗ್ ಕಟಿಂಗ್. ನಾಲ್ಕನೇ ತಿಂಗಳು ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಇಳಿಯುವಾಗ ಬ್ರೇಕ್ ಪೆಡಲ್ ಸ್ಪಂಜಿನಂತಾಗುತ್ತದೆ. ದುಡ್ಡು ಅಷ್ಟರಲ್ಲಿ ಖಾಲಿ. ಗಾಡಿ ಅರ್ಧ ಬಿಚ್ಚಿದ ಸ್ಥಿತಿಯಲ್ಲೇ ಮಾರಾಟಕ್ಕೆ ಬರುತ್ತದೆ.

ತಪ್ಪು ಪಾರ್ಟ್‌ಗಳದ್ದಲ್ಲ, ಕ್ರಮದ್ದು. ಈ ಕಾರಿನ ಜಿ13ಬಿಬಿ ಎಂಜಿನ್ 1298 ಸಿಸಿ, 16 ವಾಲ್ವ್, ಹೊಸದಿದ್ದಾಗ 6,000 ಆರ್‌ಪಿಎಂನಲ್ಲಿ 87 ಬಿಎಚ್‌ಪಿ. ಗಾಡಿಯ ತೂಕ ಸುಮಾರು ಒಂದು ಟನ್. ಈ ಎರಡು ಅಂಕಿಗಳು ಸೇರಿದರೇ ಸಾಕಷ್ಟು ಚುರುಕು ಸಿಗುತ್ತದೆ. ಹದಿನೈದು ಇಪ್ಪತ್ತು ವರ್ಷದಲ್ಲಿ ಸವೆದುಹೋದ ರಬ್ಬರ್, ಹಳಸಿದ ಆಯಿಲ್, ತುಕ್ಕು ಹಿಡಿದ ಅರ್ಥ್ ವೈರ್ ಆ ಚುರುಕನ್ನು ತಿಂದಿರುತ್ತವೆ. ಅದನ್ನು ವಾಪಸ್ ತರುವುದೇ ಮೊದಲ ಮಾಡಿಫಿಕೇಷನ್. ನಿಮ್ಮ ಬಳಿ ಇರುವ ಒಟ್ಟು ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೆಳಗಿನ ಮೊದಲ ಆರು ಹಂತಗಳಿಗೇ ಎತ್ತಿಡಿ.

2010ರ ನಂತರದ 1.2 ಎಂಜಿನ್‌ಗೆ ಟೈಮಿಂಗ್ ಚೈನ್ ಇದೆ, ಆದ್ದರಿಂದ ಇಲ್ಲಿನ ನಾಲ್ಕನೇ ಹಂತದ ಬೆಲ್ಟ್ ಕೆಲಸ ಅದಕ್ಕೆ ಅನ್ವಯಿಸುವುದಿಲ್ಲ. ಡೀಸೆಲ್ ಸ್ವಿಫ್ಟ್‌ದು ಬೇರೆಯೇ ಲೆಕ್ಕ.

## ಕೈಗೆ ಬೇಕಾದ ಸಾಮಾನು

ಎರಡು ಟನ್ನಿನ ಟ್ರಾಲಿ ಜಾಕ್, ಎರಡು ಜಾಕ್ ಸ್ಟ್ಯಾಂಡ್, 10, 12, 14, 17, 19 ಮಿ.ಮೀ. ಸಾಕೆಟ್ ಮತ್ತು ಪಾನಾ, 16 ಮಿ.ಮೀ. ಪ್ಲಗ್ ಸಾಕೆಟ್, ಉದ್ದ ಹಿಡಿಯ ಬ್ರೇಕರ್ ಬಾರ್, ಮಲ್ಟಿಮೀಟರ್, ಕಂಪ್ರೆಷನ್ ಗೇಜ್, ತುಕ್ಕು ಬಿಡಿಸುವ ಸ್ಪ್ರೇ. ಇವೆಲ್ಲಕ್ಕಿಂತ ಮುಖ್ಯವಾದದ್ದು ಟಾರ್ಕ್ ರೆಂಚ್. ಈ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂ. ಕೈಯಂದಾಜಿನಲ್ಲಿ ಪ್ಲಗ್ ಬಿಗಿದರೆ ಥ್ರೆಡ್ ಕಿತ್ತು ಬರುತ್ತದೆ. ಪ್ಲಗ್‌ಗೆ 25 ನ್ಯೂಟನ್ ಮೀಟರ್, ಆಯಿಲ್ ಡ್ರೈನ್ ಬೋಲ್ಟಿಗೆ 35, ಚಕ್ರದ ನಟ್ಟಿಗೆ 85. ಈ ಮೂರು ಅಂಕಿಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಬಾಗಿಲ ಕೆಳಗಿನ ಅಂಚಿನಲ್ಲಿ ಕಚ್ಚು ಮಾಡಿರುವ ಜಾಗವೇ ಜಾಕಿನ ಜಾಗ. ಆಯಿಲ್ ಸಂಪಿಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ನೇರವಾಗಿ ಜಾಕ್ ಕೊಟ್ಟರೆ ಅದು ತಗ್ಗಾಗಿ ಒಳಗಿನ ಪಿಕಪ್ ಪೈಪಿನ ಬಾಯಿ ಮುಚ್ಚಬಹುದು. ಬರೀ ಜಾಕಿನ ಮೇಲೆ ನಿಂತಿರುವ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ಒಮ್ಮೆ ಜೋರಾಗಿ ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ.

ಪಾರ್ಟ್ ಕೊಳ್ಳುವ ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಈ ಕಾರಿನ ಬಹುತೇಕ ಎಲ್ಲವೂ ಸಿಗುತ್ತವೆ; ಇದೇ ಎಂಜಿನ್ ಕುಟುಂಬ ಎಸ್ಟೀಮ್, ಜಿಪ್ಸಿಗಳಲ್ಲೂ ಇದ್ದದ್ದರಿಂದ ಎಂಜಿನ್ ಸಾಮಾನಿಗೆ ಕೊರತೆಯಿಲ್ಲ. ಆದರೆ ಟೈಮಿಂಗ್ ಬೆಲ್ಟ್, ಬ್ರೇಕ್ ಪ್ಯಾಡ್, ಆಯಿಲ್ ಫಿಲ್ಟರ್ ಈ ಮೂರನ್ನು ಬಿಲ್ ಇಲ್ಲದೆ ಕೊಳ್ಳಬೇಡಿ. ಡೂಪ್ಲಿಕೇಟ್ ಹೆಚ್ಚು ಓಡಾಡುವುದು ಇಂಥ ಬೇಗ ಖರ್ಚಾಗುವ ಸಾಮಾನುಗಳಲ್ಲೇ.

## 1. ಕಾಗದಪತ್ರ: ಪಾನಾ ಹಿಡಿಯುವ ಮೊದಲು

ಈ ಗಾಡಿಗಳೆಲ್ಲ ಈಗ ಹದಿನೈದು ವರ್ಷ ದಾಟಿವೆ, ಇಲ್ಲವೇ ದಾಟುವ ಹೊಸ್ತಿಲಲ್ಲಿವೆ. ಆರ್‌ಸಿ ಅವಧಿ ಹದಿನೈದು ವರ್ಷ. ನಂತರ ಫಾರ್ಮ್ 25 ಕೊಟ್ಟು, ಆರ್‌ಟಿಒದಲ್ಲಿ ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಅವಧಿ ಮುಗಿಯುವ 60 ದಿನದೊಳಗೆ ಅರ್ಜಿ ಹಾಕಬಹುದು. ನಿಮ್ಮ ಗಾಡಿಗೆ ಎಫ್‌ಸಿ (ಈ ನವೀಕರಣದ ತಪಾಸಣೆ) ಹತ್ತಿರದಲ್ಲಿದ್ದರೆ ಐದನೇ ಹಂತದ ಬ್ರೇಕ್ ಕೆಲಸ ಮುಗಿಸಿ ಹೋಗಿ. ಏಳರಿಂದ ಮುಂದಿನದನ್ನು ಎಫ್‌ಸಿ ಆದಮೇಲೆ ಇಟ್ಟುಕೊಳ್ಳಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಬೇರೆ ಎಂಜಿನ್ ಕೂರಿಸುವುದು, ಬಾಡಿ ಕತ್ತರಿಸುವುದು, ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತೆಸೆಯುವುದು, ಗದ್ದಲದ ಸೈಲೆನ್ಸರ್ ಇವನ್ನು ಯೋಜನೆಯಿಂದಲೇ ತೆಗೆದುಹಾಕಿ. ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲಿ ನಮೂದಾಗಬೇಕು. ಅಲಾಯ್ ಹಾಕಿದರೂ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಕ್ಲೇಮಿನ ಹೊತ್ತಿನಲ್ಲಿ ಆ ಒಂದು ಇಮೇಲ್ ಕೆಲಸಕ್ಕೆ ಬರುತ್ತದೆ.

## 2. ತುಕ್ಕು ಮತ್ತು ಕಂಪ್ರೆಷನ್: ಈ ಗಾಡಿ ಖರ್ಚಿಗೆ ಯೋಗ್ಯವೇ?

ಮ್ಯಾಟ್ ಎತ್ತಿ, ಅದರ ಕೆಳಗಿನ ಕಾರ್ಪೆಟ್ಟನ್ನೂ ಮೂಲೆಯಿಂದ ಎತ್ತಿ ಕೈ ಒತ್ತಿ. ಒದ್ದೆಯಿದ್ದರೆ ಕೆಳಗಿನ ತಗಡು ನೋಡದೆ ಮುಂದೆ ಹೋಗಬೇಡಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಓಡಿದ ಗಾಡಿಯಾದರೆ ಉಪ್ಪುಗಾಳಿಯ ತುಕ್ಕು ಬಾಗಿಲ ತಳ, ಡಿಕ್ಕಿ ಬಾಗಿಲಿನ ಕೆಳ ಅಂಚು, ಹಿಂದಿನ ಚಕ್ರದ ಕಮಾನುಗಳಲ್ಲಿ ಮೊದಲು ಕಾಣಿಸುತ್ತದೆ. ಮಲೆನಾಡಿನ ಗಾಡಿಯಾದರೆ ಕೆಸರು ಗಟ್ಟಿಯಾಗಿ ಕೂತ ಜಾಗಗಳನ್ನು ನೀರು ಹೊಡೆದು ತೊಳೆದ ಮೇಲೆ ನೋಡಿ. ಬಾಗಿಲ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿವೆ. ಅವು ಕಟ್ಟಿಕೊಂಡರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಒಂದು ಮೊಂಡ ತಂತಿಯಿಂದ ಬಿಡಿಸಿ.

ಮೇಲ್ಮೈ ತುಕ್ಕನ್ನು ಉಜ್ಜಿ, ಪ್ರೈಮರ್ ಹೊಡೆದು ನಿಲ್ಲಿಸಬಹುದು. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಗೆ ಹೋಗುವಂಥ ತುಕ್ಕು ಸ್ಟ್ರಟ್ (ಸ್ಪ್ರಿಂಗ್, ಶಾಕ್ ಸೇರಿದ ಕಂಬ) ಕೂರುವ ಜಾಗದಲ್ಲೋ ಹಿಂದಿನ ಬೀಮ್ ಹಿಡಿದಿರುವ ಜಾಗದಲ್ಲೋ ಕಂಡರೆ ಆ ಗಾಡಿ ಬಿಡಿ. ಬೇರೆ ಹುಡುಕಿ.

ಕಂಪ್ರೆಷನ್ ಪರೀಕ್ಷೆಗೆ, ಎಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯಲು, ಎಂಜಿನ್ ಬಿಸಿಯಾಗಿರಬೇಕು. ಫ್ಯುಯಲ್ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ. ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಕಳಚಿ, ನಾಲ್ಕೂ ಪ್ಲಗ್ ತೆಗೆಯಿರಿ. ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಐದಾರು ಸುತ್ತು ಸ್ಟಾರ್ಟರ್ ತಿರುಗಿಸಿ. ಆಕ್ಸಿಲರೇಟರ್ ಒತ್ತುವುದನ್ನು ಮರೆಯುವವರೇ ಹೆಚ್ಚು. ಆಗ ಎಂಜಿನ್‌ಗೆ ಗಾಳಿ ಸಿಗದೆ ನಾಲ್ಕರಲ್ಲೂ ಕಡಿಮೆ ತೋರಿಸುತ್ತದೆ, ಚೆನ್ನಾಗಿರುವ ಎಂಜಿನ್ನೂ ಕೆಟ್ಟದ್ದೆಂದು ಅನಿಸುತ್ತದೆ. ಒಳ್ಳೆಯ ಎಂಜಿನ್ 12ರಿಂದ 14 ಬಾರ್ ಆಸುಪಾಸು ತೋರಿಸಬೇಕು. ಅಂಕಿಗಿಂತಲೂ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ: ಒಂದು ಬಾರ್‌ಗಿಂತ ಹೆಚ್ಚಿದ್ದರೆ ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಸಂಶಯಪಡಿ. ಇಲ್ಲಿ ಫೇಲಾದ ಎಂಜಿನ್‌ಗೆ ಮುಂದಿನ ಖರ್ಚೆಲ್ಲ ನೀರಿಗೆ ಹಾಕಿದಂತೆ. ಮೊದಲು ಅದನ್ನೇ ಸರಿಮಾಡಿಸಿ.

## 3. ಆಯಿಲ್‌ಗಳು

ಎಂಜಿನ್ ಆಯಿಲ್: 5ಡಬ್ಲ್ಯು-30 ಅಥವಾ, ಎಂಜಿನ್ ಹೆಚ್ಚು ಓಡಿದ್ದರೆ, 10ಡಬ್ಲ್ಯು-40. ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಆಯಿಲ್ ಚೆಲ್ಲಿಹೋಗುತ್ತದೆ. ಮೊದಲು 3 ಲೀಟರ್ ಸುರಿಯಿರಿ, ಎಂಜಿನ್ ಒಂದು ನಿಮಿಷ ಓಡಿಸಿ, ಐದು ನಿಮಿಷ ಬಿಡಿ, ಆಮೇಲೆ ಡಿಪ್‌ಸ್ಟಿಕ್ ನೋಡುತ್ತ ಸ್ವಲ್ಪಸ್ವಲ್ಪವೇ ಹಾಕಿ. ಮೇಲಿನ ಗೆರೆ ದಾಟಬಾರದು.

ಗೇರ್ ಆಯಿಲ್ ಬದಲಿಸುವಾಗ ತುಂಬುವ ಪ್ಲಗ್ಗನ್ನು ಮೊದಲು ಬಿಚ್ಚಿ. ಡ್ರೈನ್ ಪ್ಲಗ್ ಬಿಚ್ಚಿ ಆಯಿಲೆಲ್ಲ ಸುರಿಸಿದ ಮೇಲೆ ತುಂಬುವ ಪ್ಲಗ್ ತುಕ್ಕಿಗೆ ಕಚ್ಚಿಕೊಂಡಿದೆ ಎಂದು ಗೊತ್ತಾದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. 75ಡಬ್ಲ್ಯು-90, ಜಿಎಲ್-4 ದರ್ಜೆಯದ್ದೇ ಬೇಕು. ಜಿಎಲ್-5 ಆಯಿಲಿನ ಕೆಲವು ರಾಸಾಯನಿಕಗಳು ಸಿಂಕ್ರೊ ರಿಂಗಿನ (ಗೇರ್ ಸಲೀಸಾಗಿ ಬೀಳಿಸುವ ಬಳೆಯ) ಹಿತ್ತಾಳೆಗೆ ಒಗ್ಗುವುದಿಲ್ಲ. ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಿ, ತೂತಿನ ಅಂಚಿನಿಂದ ಆಯಿಲ್ ಹೊರಗೆ ಜಿನುಗುವವರೆಗೆ ತುಂಬಿ. ಎರಡನೇ ಗೇರಿಗೆ ಬೆಳಗ್ಗೆ ಹೊತ್ತು ಕರಕರ ಎನ್ನುತ್ತಿದ್ದರೆ ಇದೊಂದರಿಂದಲೇ ಬಹಳ ಸಲ ಸರಿಹೋಗುತ್ತದೆ. ಬಿಸಿಯಾದ ಮೇಲೂ ಎಂದರೆ ಸಿಂಕ್ರೊ ಸವೆದಿದೆ.

## 4. ಟೈಮಿಂಗ್ ಬೆಲ್ಟ್ ಮತ್ತು ಕೂಲಿಂಗ್

ಬೆಲ್ಟಿನ ಆಯುಸ್ಸು ಒಂದು ಲಕ್ಷ ಕಿ.ಮೀ. ಎನ್ನುತ್ತಾರೆ. ಆದರೆ ರಬ್ಬರಿಗೆ ವರ್ಷವೂ ಲೆಕ್ಕ. ಹಿಂದಿನ ಮಾಲೀಕರು ಬದಲಿಸಿದ ಬಿಲ್ ನಿಮ್ಮ ಕೈಯಲ್ಲಿಲ್ಲವೆಂದರೆ ಬದಲಿಸಿಲ್ಲವೆಂದೇ ತಿಳಿಯಿರಿ. ವಾಟರ್ ಪಂಪ್ ಬಿಚ್ಚಲು ಹೇಗೂ ಈ ಬೆಲ್ಟ್ ತೆಗೆಯಲೇಬೇಕು. ಆದ್ದರಿಂದ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕ್ ಮತ್ತು ಕ್ಯಾಮ್‌ನ ಮುಂದಿನ ಆಯಿಲ್ ಸೀಲ್‌ಗಳು, ಹೊರಗಿನ ಆಲ್ಟರ್ನೇಟರ್ ಬೆಲ್ಟ್ ಇಷ್ಟೂ ಒಂದೇ ಸಲಕ್ಕೆ. ಬರೀ ಬೆಲ್ಟ್ ಹಾಕಿ, ಹಳೇ ಸೀಲ್ ಆರು ತಿಂಗಳಿಗೆ ಸೋರಿದರೆ ಹೊಸ ಬೆಲ್ಟ್ ಆಯಿಲಿನಲ್ಲಿ ನೆನೆದು ಹಾಳಾಗುತ್ತದೆ. ಕೂಲಿಯೂ ಎರಡೆರಡು ಸಲ.

ಕ್ರಮ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಕಳಚಿ. ಎಂಜಿನ್ ಮೌಂಟ್ ಬಿಚ್ಚುವ ಮೊದಲು ಸಂಪಿನ ಕೆಳಗೆ ಅಗಲವಾದ ಮರದ ಹಲಗೆ ಇಟ್ಟು, ಜಾಕಿನಿಂದ ತೂಕ ಆನಿಸುವಷ್ಟು ಮಾತ್ರ ಎತ್ತಿ. ಕವರ್ ತೆಗೆದ ಮೇಲೆ ಕ್ರ್ಯಾಂಕನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸಿ ಗುರುತು ಕೂಡಿಸಿ. ಕ್ಯಾಮ್ ಪುಲ್ಲಿಯ ಮೇಲೆ ಒಂದಕ್ಕಿಂತ ಹೆಚ್ಚು ಗುರುತುಗಳಿರುತ್ತವೆ. 16 ವಾಲ್ವಿನ ಈ ಎಂಜಿನ್‌ಗೆ ‘ಇ’ ಎಂಬ ಇಂಗ್ಲಿಷ್ ಅಕ್ಷರದ ಪಕ್ಕದ್ದು. ಅದು ಹೆಡ್ ಕವರಿನ ಮೇಲಿರುವ ‘ವಿ’ ಆಕಾರದ ಕಚ್ಚಿಗೆ ಎದುರಾಗಬೇಕು. ಕೆಳಗೆ ಕ್ರ್ಯಾಂಕ್ ಪುಲ್ಲಿಯ ಚುಕ್ಕಿ ಆಯಿಲ್ ಪಂಪ್ ಕವಚದ ಬಾಣಕ್ಕೆ ಎದುರಾಗಬೇಕು. ಹಳೇ ಬೆಲ್ಟ್ ತೆಗೆಯುವ ಮುನ್ನ ಬಿಳಿ ಪೇಂಟಿನಿಂದ ನಿಮ್ಮದೇ ಗೆರೆಗಳನ್ನೂ ಎಳೆದು, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಬೇರೆ ಗುರುತಿಗೆ ಕೂಡಿಸಿ ಬೆಲ್ಟ್ ಹಾಕಿದವರು ಗಾಡಿ ಸ್ಟಾರ್ಟೇ ಆಗದೆ ಕಾಯಿಲ್, ಸೆನ್ಸರ್ ಎಂದು ದುಡ್ಡು ಸುರಿಯುತ್ತಾರೆ.

ಹೊಸ ಬೆಲ್ಟ್ ಕೂರಿಸಿದ ಮೇಲೆ ಟೆನ್ಷನರಿನ ಸ್ಪ್ರಿಂಗ್ ತಾನೇ ಬೆಲ್ಟನ್ನು ಎಳೆಯಲು ಬಿಡಿ. ಕ್ರ್ಯಾಂಕನ್ನು ಕೈಯಲ್ಲೇ, ಪಾನಾ ಹಿಡಿದು, ಎರಡು ಪೂರ್ತಿ ಸುತ್ತು ತಿರುಗಿಸಿ. ಆಮೇಲೆ ಟೆನ್ಷನರ್ ಬೋಲ್ಟ್ ಬಿಗಿದು ಗುರುತುಗಳನ್ನು ಮತ್ತೆ ನೋಡಿ. ಒಂದು ಹಲ್ಲು ಆಚೀಚೆ ಇದ್ದರೂ ಬಿಚ್ಚಿ ಮತ್ತೆ ಹಾಕಿ. ಒಂದು ಹಲ್ಲು ತಪ್ಪಿದರೂ ಎಂಜಿನ್ ಓಡಬಹುದು, ಆದರೆ ಸೋಮಾರಿಯಾಗಿ, ಪೆಟ್ರೋಲ್ ಕುಡಿಯುತ್ತ ಓಡುತ್ತದೆ. ಈ ಒಂದು ಹಲ್ಲಿನ ತಪ್ಪನ್ನು ಮುಚ್ಚಲು ಕೋನ್ ಫಿಲ್ಟರ್ (ಡಬ್ಬಿಯಿಲ್ಲದ ತೆರೆದ ಏರ್ ಫಿಲ್ಟರ್) ಹಾಕಿಸಿಕೊಂಡ ಗಾಡಿಗಳು ಕಡಿಮೆಯೇನಿಲ್ಲ.

ಕ್ರ್ಯಾಂಕಿನ ನಡುವಿನ ದೊಡ್ಡ ಬೋಲ್ಟನ್ನು ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೇ ಬಿಗಿಯಿರಿ. ಸಡಿಲ ಬಿಟ್ಟರೆ ಪುಲ್ಲಿ ಸೂಕ್ಷ್ಮವಾಗಿ ಆಡುತ್ತ, ಅದನ್ನು ಹಿಡಿದಿರುವ ಕೀಲಿಯನ್ನೂ ಅದು ಕೂರುವ ಕ್ರ್ಯಾಂಕಿನ ಕಚ್ಚನ್ನೂ ಸವೆಸುತ್ತದೆ. ಆಮೇಲೆ ಕ್ರ್ಯಾಂಕನ್ನೇ ಬದಲಿಸುವ ಖರ್ಚು.

ಕೂಲಂಟ್ ತುಂಬುವ ಮೊದಲು ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳ, ಮೇಲಿನ ಕೆಳಗಿನ ಹೋಸ್‌ಗಳನ್ನು ಹೊಸದು ಹಾಕಿ. ಹೋಸನ್ನು ಬೆರಳಲ್ಲಿ ಹಿಸುಕಿದಾಗ ಒಳಗೆ ಪುಡಿ ಮುರಿದ ಸದ್ದು ಬಂದರೆ ಅದರ ಕಾಲ ಮುಗಿದಿದೆ. ಬಣ್ಣ ಬೇರೆಯಾದ ಕೂಲಂಟ್‌ಗಳನ್ನು ಬೆರೆಸಬೇಡಿ. ಹಳೆಯದನ್ನು ಪೂರ್ತಿ ಸುರಿಸಿ, ಡಿಸ್ಟಿಲ್ಡ್ ನೀರಿನಿಂದ ತೊಳೆದು ತುಂಬಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆರೆದಿಟ್ಟು, ಗುಳ್ಳೆ ನಿಲ್ಲುವವರೆಗೆ ಎಂಜಿನ್ ಓಡಿಸಿ, ಆಮೇಲೆ ಮುಚ್ಚಳ ಹಾಕಿ. ಫ್ಯಾನ್ ಎರಡು ಸಲ ತಾನಾಗಿ ತಿರುಗಿ ನಿಲ್ಲುವವರೆಗೆ ಗಾಡಿ ಬಿಟ್ಟು ಹೋಗಬೇಡಿ. ಒಮ್ಮೆ ಬಿಸಿಯಾದ ಮೇಲೆ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಮಟ್ಟ ನೋಡುವುದು ಮರುದಿನ ಬೆಳಗ್ಗೆ.

## 5. ಬ್ರೇಕ್

ಇಲ್ಲಿ ಅವಸರ ಮಾಡಿದವರೇ ಹೆಚ್ಚು ಸೋಲುವುದು. ದೊಡ್ಡ ಡಿಸ್ಕ್, ಬೇರೆ ಕ್ಯಾಲಿಪರ್ ಎಲ್ಲ ಬೇಡ. ಒಂದು ಟನ್ನಿನ ಗಾಡಿಗೆ ಕಂಪನಿಯ ಬ್ರೇಕ್ ಸರಿಯಿದ್ದರೆ ಘಾಟಿ ಇಳಿಯಲು ಸಾಕು.

ಮುಂದಿನ ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪ ಎಷ್ಟೆಂದು ಅಚ್ಚು ಹಾಕಿರುತ್ತಾರೆ. ಅಳೆದು ನೋಡಿ, ಅದಕ್ಕಿಂತ ತೆಳ್ಳಗಾಗಿದ್ದರೆ ಜೋಡಿಯಾಗಿ ಬದಲಿಸಿ. ಪ್ಯಾಡ್ 3 ಮಿ.ಮೀ.ಗೆ ಬಂದರೆ ಮುಗಿಯಿತು. ಒಳಗಿನ ಪ್ಯಾಡ್ ಹೊರಗಿನದ್ದಕ್ಕಿಂತ ಬಹಳ ಹೆಚ್ಚು ಸವೆದಿದ್ದರೆ ಕ್ಯಾಲಿಪರಿನ ಸ್ಲೈಡ್ ಪಿನ್ ಕಚ್ಚಿಕೊಂಡಿದೆ ಎಂದರ್ಥ. ಹೊಸ ಪ್ಯಾಡ್ ಹಾಕಿದರೂ ಅದೇ ಗತಿ. ಪಿನ್ ಹೊರತೆಗೆದು, ಒರೆಸಿ, ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ. ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತದೆ. ಹಿಂದಿನ ಡ್ರಮ್ ತೆಗೆದು ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಸ್ವಲ್ಪ ಮಡಚಿ ನೋಡಿ. ಒದ್ದೆಯಿದ್ದರೆ ಸಿಲಿಂಡರೂ ಶೂಗಳೂ ಬದಲಾಗಬೇಕು.

ಬ್ರೇಕ್ ಹೋಸ್‌ಗಳು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ. ಒಬ್ಬರು ಪೆಡಲ್ ಜೋರಾಗಿ ಒತ್ತಲಿ, ಇನ್ನೊಬ್ಬರು ಹೋಸ್ ಮೇಲೆ ಕೈ ಇಟ್ಟಿರಲಿ. ಅಂಗೈಯಡಿ ಅದು ಉಬ್ಬುವುದು ಗೊತ್ತಾಗುತ್ತದೆ. ಹಾಗಿದ್ದರೆ ಹೊಸದು. ಕೂರಿಸುವಾಗ ಹೋಸ್ ತಿರುಚಿಕೊಳ್ಳದಂತೆ ಅದರ ಮೈಮೇಲಿನ ಉದ್ದ ಗೆರೆ ನೇರವಾಗಿರಲಿ.

ಬ್ಲೀಡಿಂಗಿಗೆ (ಬ್ರೇಕ್ ಪೈಪಿನೊಳಗಿನ ಗಾಳಿ ಹೊರಬಿಡಲು) ಡಾಟ್ 4 ಫ್ಲೂಯಿಡ್ ಒಂದು ಲೀಟರ್, ಸೀಲ್ ಒಡೆಯದ ಡಬ್ಬಿ. ಡಾಟ್ 5 ಎಂದು ಬರೆದದ್ದು ಸಿಲಿಕೋನ್, ಇದಕ್ಕೆ ಹಾಕಬೇಡಿ. ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಭಾಗದಿಂದ) ದೂರದ ಚಕ್ರದಿಂದ ಶುರು: ಎಡ ಹಿಂದಿನದು, ಬಲ ಹಿಂದಿನದು, ಎಡ ಮುಂದಿನದು, ಬಲ ಮುಂದಿನದು. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ನಿಪ್ಪಲ್ ಬಿಚ್ಚಿ ಗಾಳಿ ಬಿಟ್ಟು ಮುಚ್ಚಲಿ, ಮುಚ್ಚಿದ ಮೇಲೆಯೇ ಪೆಡಲ್ ಬಿಡಲಿ. ಮೇಲಿನ ಡಬ್ಬಿ ಖಾಲಿಯಾಗಲು ಬಿಟ್ಟರೆ ಮೊದಲಿನಿಂದ ಶುರು ಮಾಡಬೇಕು.

ಹಳೇ ಗಾಡಿಗೆ ಒಂದು ವಿಶೇಷ ಎಚ್ಚರ: ಪೆಡಲ್ ಕೆಳಗೆ ಎರಡು ಇಂಚು ದಪ್ಪದ ಮರದ ತುಂಡು ಇಡಿ. ದಿನನಿತ್ಯ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುವುದಿಲ್ಲ. ಅದರ ಆಚೆಯ ಮಾಸ್ಟರ್ ಸಿಲಿಂಡರ್ ಗೋಡೆಯಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಬ್ಲೀಡಿಂಗಿನಲ್ಲಿ ಪೆಡಲನ್ನು ನೆಲಕ್ಕೆ ಮುಟ್ಟಿಸಿದರೆ ಒಳಗಿನ ರಬ್ಬರ್ ಆ ಒರಟು ಜಾಗಕ್ಕೆ ಉಜ್ಜಿ ಹರಿಯುತ್ತದೆ. ಬ್ಲೀಡಿಂಗ್ ಮಾಡಿದ ಮೇಲೆಯೇ ಪೆಡಲ್ ನಿಧಾನವಾಗಿ ಕೆಳಗಿಳಿಯತೊಡಗಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಗಟ್ಟಿಯಾಗದಿದ್ದರೆ ಮುಂದಿನ ಕ್ಯಾಲಿಪರ್‌ಗಳ ನಿಪ್ಪಲ್ ನೋಡಿ. ಅದು ಮೇಲ್ಗಡೆ ಇರಬೇಕು. ಎಡ ಬಲ ಅದಲುಬದಲಾಗಿದ್ದರೆ ನಿಪ್ಪಲ್ ಕೆಳಗೆ ಬಂದು, ಗಾಳಿ ಮೇಲೆಯೇ ಉಳಿಯುತ್ತದೆ.

ಹೊಸ ಪ್ಯಾಡ್ ಕೂರಲು ಖಾಲಿ ರಸ್ತೆಯಲ್ಲಿ ಗಂಟೆಗೆ 50ರಿಂದ 10 ಕಿ.ಮೀ.ಗೆ ಎಂಟು ಹತ್ತು ಸಲ ಹದವಾಗಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಕೊನೆಗೆ ಐದು ಕಿ.ಮೀ. ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ.

## 6. ಬುಷ್, ಸ್ಟ್ರಟ್, ಸ್ಟೀರಿಂಗ್

ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ: ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿ: ಆಡಿದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್. ಸಣ್ಣ ಗುಂಡಿಗಳಲ್ಲಿ ಟಕಟಕ ಎಂದರೆ ಹೆಚ್ಚಾಗಿ ಲಿಂಕ್ ರಾಡ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಟಣ್ಣನೆ ಜಿಗಿದರೆ ಸ್ಟ್ರಟ್ ಮೌಂಟಿನ ಬೇರಿಂಗ್ ಹೋಗಿದೆ. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆದು, ಬಿಟ್ಟಾಗ ಸರಿಹೋದರೆ ಲೋವರ್ ಆರ್ಮಿನ ಹಿಂದಿನ ಬುಷ್ ನೋಡಿ.

ಲೋವರ್ ಆರ್ಮ್ ಹಾಕುವಾಗ ಎಲ್ಲರೂ ಮಾಡುವ ತಪ್ಪು ಒಂದೇ: ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬುಷ್ ಬೋಲ್ಟ್ ಬಿಗಿಯುವುದು. ರಬ್ಬರ್ ಬುಷ್ ಬೇರಿಂಗಿನಂತೆ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ತೂಗುವ ಸ್ಥಿತಿಯಲ್ಲಿ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ಅದು ಸದಾ ತಿರುಚಿದ ಸ್ಥಿತಿಯಲ್ಲಿದ್ದು, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟ್‌ಗಳನ್ನು ಕೈಬಿಗಿ ಮಾಡಿ, ಗಾಡಿಯ ತೂಕ ಚಕ್ರದ ಮೇಲೆ ಬೀಳುವಂತೆ ಇಳಿಸಿ, ಒಂದೆರಡು ಸಲ ಒತ್ತಿ ಕುಣಿಸಿ, ಆಮೇಲೆ ಟಾರ್ಕ್ ಕೊಡಿ. ಹಿಂದಿನ ಬೀಮ್ ಬುಷ್‌ಗೂ ಇದೇ ನಿಯಮ. ಹೊಸ ಬುಷ್ ಉಳಿಯುತ್ತಲೇ ಇಲ್ಲ, ಕ್ವಾಲಿಟಿ ಸರಿಯಿಲ್ಲ ಎನ್ನುವವರು ಮೊದಲು ಇದನ್ನು ಸರಿಮಾಡಿಕೊಳ್ಳಲಿ.

ಶಾಕ್ ಅಬ್ಸಾರ್ಬರ್ ಜೋಡಿಯಾಗಿಯೇ ಬದಲಿಸಿ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಸ್ಟ್ರಟ್ಟಿನ ಮೇಲಿನ ನಟ್ ಬಿಚ್ಚಬೇಡಿ. ಹಾರುವ ಸ್ಪ್ರಿಂಗ್ ದವಡೆ ಮುರಿಯುತ್ತದೆ. ಈ ಉಪಕರಣ ಇಲ್ಲದಿದ್ದರೆ ಸ್ಟ್ರಟ್ ಬಿಚ್ಚಿ ತೆಗೆದುಕೊಂಡು ಹೋಗಿ ವರ್ಕ್‌ಶಾಪಿನಲ್ಲಿ ಮಾಡಿಸಿ.

ಗಾಡಿ ತಗ್ಗಿಸಲೇಬೇಕೆಂದರೆ 30 ಮಿ.ಮೀ. ಒಳಗಿನ ಲೋವರಿಂಗ್ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್. ಕಂಪನಿ ಸ್ಪ್ರಿಂಗಿನ ಸುರುಳಿ ಕತ್ತರಿಸಬೇಡಿ: ಕತ್ತರಿಸಿದ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರದೆ ಜಾರುತ್ತದೆ, ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಡಬಹುದು. ನಮ್ಮ ರೋಡ್ ಹಂಪ್‌ಗಳ ಮೇಲೆ ಸಂಪು ಉಜ್ಜುವುದಂತೂ ಇದ್ದೇ ಇದೆ.

## 7. ಟೈರ್ ಮತ್ತು ರಿಮ್

ಹೊರವ್ಯಾಸ ಕಂಪನಿಯದ್ದಕ್ಕೆ ಹತ್ತಿರವಿರಬೇಕು. ಲೆಕ್ಕ ಸುಲಭ: ಅಗಲ × ಪ್ರೊಫೈಲ್ ÷ 100 × 2, ಅದಕ್ಕೆ ರಿಮ್ ಇಂಚು × 25.4 ಕೂಡಿಸಿ. ಕಂಪನಿಯ 185/70 ಆರ್14 ಎಂದರೆ ಸುಮಾರು 615 ಮಿ.ಮೀ. 195/60 ಆರ್15 ಕೂಡ 615. ಈ ಕಾರಿಗೆ ಇದಕ್ಕಿಂತ ಒಪ್ಪುವ ಅಳತೆ ಇನ್ನೊಂದಿಲ್ಲ. 16 ಇಂಚಿನ 195/50 ಹಾಕಿದರೆ ವ್ಯಾಸ 601ಕ್ಕೆ ಇಳಿಯುತ್ತದೆ, ಗ್ರೌಂಡ್ ಕ್ಲಿಯರೆನ್ಸ್ ಹೋಗುತ್ತದೆ, ಗುಂಡಿಗೆ ರಿಮ್ ಬಾಗುತ್ತದೆ.

ರಿಮ್ 15 ಇಂಚು, 6 ಇಂಚು ಅಗಲ, 4×100 ಪಿಸಿಡಿ (100 ಮಿ.ಮೀ. ವೃತ್ತದಲ್ಲಿ ನಾಲ್ಕು ಬೋಲ್ಟ್), ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖಕ್ಕಿರುವ ಅಂತರ) 40ರಿಂದ 45 ಮಿ.ಮೀ. ಹಬ್ಬಿನ ನಡುವಿನ ವ್ಯಾಸ 54.1 ಮಿ.ಮೀ.; ಹೊರಗಿನ ಕಂಪನಿಯ ಅಲಾಯ್‌ಗಳ ತೂತು ಇದಕ್ಕಿಂತ ದೊಡ್ಡದಿರುತ್ತದೆ. ನಡುವೆ ಹಬ್ ರಿಂಗ್ ಹಾಕದಿದ್ದರೆ 80 ದಾಟಿದಾಗ ಸ್ಟೀರಿಂಗ್ ನಡುಗುತ್ತದೆ, ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ನಿಲ್ಲುವುದಿಲ್ಲ. ಟೈರಿನ ಗೋಡೆಯ ಮೇಲಿನ ನಾಲ್ಕಂಕಿ ಓದಿ: 1024 ಎಂದರೆ 2024ರ ಹತ್ತನೇ ವಾರ. ಹಳೇ ಸ್ಟಾಕ್ ಬೇಡ.

ಅಲೈನ್‌ಮೆಂಟ್ ಸಸ್ಪೆನ್ಷನ್ ಕೆಲಸದ ದಿನವೇ ಒಮ್ಮೆ, ಬುಷ್‌ಗಳು ಕೂತ ಮೇಲೆ ನೂರಿನ್ನೂರು ಕಿ.ಮೀ.ಗೆ ಇನ್ನೊಮ್ಮೆ.

## 8. ಕರೆಂಟು

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಆಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ. ಸ್ಟಾರ್ಟರ್ ತಿರುಗಿಸುವಾಗ 0.2 ವೋಲ್ಟ್ ದಾಟಿದರೆ ಅರ್ಥ್ ಪಟ್ಟಿ ಕೊಳೆತಿದೆ. ಬಿಚ್ಚಿ, ಉಜ್ಜಿ, ಇಲ್ಲವೇ ಹೊಸದು ಹಾಕಿ. ಐಡಲಿಂಗ್ ಏರಿಳಿತ, ಮಂಕು ಲೈಟು, ಸೆನ್ಸರಿನ ಹುಚ್ಚಾಟಗಳೆಲ್ಲ ಇದರಿಂದಲೇ ಬರುವುದುಂಟು.

ಹೆಡ್‌ಲೈಟಿಗೆ 60/55 ವ್ಯಾಟ್ ಬಲ್ಬೇ ಇರಲಿ, ಬ್ಯಾಟರಿಯಿಂದ ನೇರ ರಿಲೇ ವೈರಿಂಗ್ ಹಾಕಿ. 100/90 ಬಲ್ಬ್ ಹಾಕಿದರೆ ಹೋಲ್ಡರ್ ಕರಗುತ್ತದೆ, ಎದುರು ಬರುವವರ ಕಣ್ಣು ಕುಕ್ಕುತ್ತದೆ.

ಎಂಜಿನ್ ಕಂಪ್ಯೂಟರಿನ ದೋಷ ಓದುವ ಬ್ಲೂಟೂತ್ ಸ್ಕ್ಯಾನರ್ ಕೊಳ್ಳುವ ಮೊದಲು ಯೋಚಿಸಿ. ಆ ಕಾಲದ ಗಾಡಿಗಳ ಜತೆ ಅಗ್ಗದ ಸ್ಕ್ಯಾನರ್‌ಗಳು ಹೆಚ್ಚಾಗಿ ಮಾತಾಡುವುದಿಲ್ಲ.

## 9. ಕೊನೆಗೆ ಎಂಜಿನ್ ಶಕ್ತಿ

ಥ್ರಾಟಲ್ ಬಾಡಿ ಕ್ಲೀನಿಂಗ್, ಹೊಸ ಪ್ಲಗ್, ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಹೊಗೆಯನ್ನು ಮತ್ತೆ ಉರಿಯಲು ಕಳಿಸುವ ವಾಲ್ವ್), ಬಿರುಕುಬಿಟ್ಟ ವ್ಯಾಕ್ಯೂಮ್ ಹೋಸ್‌ಗಳು, ಪೇಪರ್ ಏರ್ ಫಿಲ್ಟರ್. ಇಷ್ಟಾದ ಮೇಲೆ ಎಂಜಿನ್ ಹೇಗಿದೆ ಎಂದು ತಿಂಗಳು ಓಡಿಸಿ ನೋಡಿ. ಟರ್ಬೊ ಇಲ್ಲದ ಈ ಎಂಜಿನ್‌ಗೆ ಹೆಡರ್ (ಎಂಜಿನ್ನಿಂದ ಹೊಗೆ ಹೊರತರುವ ಬೇರೆ ಪೈಪುಗಳು), ಫಿಲ್ಟರ್ ಎಲ್ಲ ಸೇರಿ ಹಾಕಿದರೂ ಸಿಗುವುದು ಕೆಲವೇ ಬಿಎಚ್‌ಪಿ. ಬಾನೆಟ್ಟಿನೊಳಗೆ ತೆರೆದಿಟ್ಟ ಕೋನ್ ಫಿಲ್ಟರ್ ರೇಡಿಯೇಟರಿನ ಬಿಸಿಗಾಳಿಯನ್ನೇ ಎಳೆದು, ಸದ್ದು ಹೆಚ್ಚಿಸಿ ಎಳೆತ ಕಡಿಮೆ ಮಾಡುತ್ತದೆ. ಕಂಪನಿಯ ಫಿಲ್ಟರ್ ಡಬ್ಬಿ ಹೊರಗಿನ ತಣ್ಣನೆಯ ಗಾಳಿ ತರುತ್ತದೆ, ಅದೇ ಇರಲಿ. ಉಳಿದ ದುಡ್ಡನ್ನು ಹೊಸ ಎಂಜಿನ್ ಮೌಂಟ್, ಕ್ಲಚ್ ಕೇಬಲ್, ಗೇರ್ ಲಿವರಿನ ಬುಷ್‌ಗಳಿಗೆ ಹಾಕಿ. ಗೇರ್ ಬೀಳುವ ರೀತಿಯೇ ಬೇರೆಯಾಗುತ್ತದೆ.

## 10. ಮೊದಲ ಸಾವಿರ ಕಿ.ಮೀ.

50 ಕಿ.ಮೀ.ಗೆ ಚಕ್ರದ ನಟ್‌ಗಳಿಗೆ ಮತ್ತೆ 85 ನ್ಯೂಟನ್ ಮೀಟರ್. ಹೊಸ ಅಲಾಯ್ ಕೂತುಕೊಳ್ಳುವಾಗ ನಟ್ ಸಡಿಲವಾಗುವುದು ಸಹಜ. 200ಕ್ಕೆ ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಕೂಲಂಟ್ ಮಟ್ಟ, ಬ್ರೇಕ್ ಫ್ಲೂಯಿಡ್ ಮಟ್ಟ, ನೆಲದ ಮೇಲಿನ ಕಲೆ. ಗಾಡಿ ನಿಲ್ಲಿಸುವ ಜಾಗದಲ್ಲಿ ರಾತ್ರಿ ಒಂದು ರಟ್ಟು ಹಾಸಿಟ್ಟರೆ ಯಾವುದು ಎಲ್ಲಿಂದ ತೊಟ್ಟಿಕ್ಕುತ್ತಿದೆ ಎಂದು ಬೆಳಗ್ಗೆ ಗೊತ್ತಾಗುತ್ತದೆ: ಕಪ್ಪಾಗಿದ್ದರೆ ಎಂಜಿನ್ ಆಯಿಲ್, ಗಂಧಕದ ವಾಸನೆಯಿದ್ದರೆ ಗೇರ್ ಆಯಿಲ್, ಅಂಟಂಟಾಗಿ ಬಣ್ಣವಿದ್ದರೆ ಕೂಲಂಟ್, ಚಕ್ರದ ಒಳಬದಿಯಲ್ಲಿ ತಿಳಿಯಾಗಿದ್ದರೆ ಬ್ರೇಕ್ ಫ್ಲೂಯಿಡ್. ಕೊನೆಯದು ಕಂಡರೆ ಗಾಡಿ ಅಂಗಳದಿಂದ ಹೊರಡಬಾರದು.

500ಕ್ಕೆ ಲೋವರ್ ಆರ್ಮ್, ಸ್ಟ್ರಟ್ ಬೋಲ್ಟ್‌ಗಳ ಟಾರ್ಕ್ ಮತ್ತೊಮ್ಮೆ. ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ಪೇಂಟ್ ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟರೆ, ಮುಂದೆ ಗೆರೆ ಮುರಿದಿದೆಯೇ ಎಂದು ಕಣ್ಣಾಡಿಸಿದರೆ ಸಾಕು.

1,000ಕ್ಕೆ ಪ್ಲಗ್ ಬಿಚ್ಚಿ ತುದಿ ನೋಡಿ. ತಿಳಿ ಕಂದು ಇದ್ದರೆ ಎಂಜಿನ್ ಸರಿ ಉಸಿರಾಡುತ್ತಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಆಕ್ಸಿಜನ್ ಸೆನ್ಸರ್, ಏರ್ ಫಿಲ್ಟರ್ ನೋಡಿ. ಒದ್ದೆ ಕಪ್ಪು ಇದ್ದರೆ ಆಯಿಲ್ ಒಳಗೆ ಬರುತ್ತಿದೆ, ಎರಡನೇ ಹಂತದ ಕಂಪ್ರೆಷನ್ ಅಂಕಿಗಳನ್ನು ಮತ್ತೆ ತೆಗೆದು ಹೋಲಿಸಿ. ಬೂದಿಯಂತೆ ಬಿಳಿಯಾಗಿದ್ದರೆ ಎಲ್ಲೋ ಗಾಳಿ ಸೋರಿಕೆಯಿದೆ ಅಥವಾ ಪೆಟ್ರೋಲ್ ಸಾಲುತ್ತಿಲ್ಲ. ಅದನ್ನು ಹುಡುಕಿ ಸರಿಮಾಡುವವರೆಗೆ ಹೈವೇಯಲ್ಲಿ ಜೋರು ಓಡಿಸಬೇಡಿ.